ಕೈ ಕಟ್ಟಿ ನಿಂತವನು

“ಮುಟ್ಟಬೇಡಿ... ಮುಟ್ಟಬೇಡಿ ನನ್ನನ್ನು!”

ಹರಿಣಾಕ್ಷಿ ಕಿರುಚುವಷ್ಟರಲ್ಲಿ ಅವನ ಕೈ ಅವಳ ತೋಳು ಹಿಡಿದಾಗಿತ್ತು. ಕೊಟ್ಟಾರದ ತಿರುವಿನಲ್ಲಿ ಕುಸಿಯುತ್ತಿದ್ದ ಹುಡುಗಿಯನ್ನು, ನೀರು ಕೊಡಲು ನಿಂತಿದ್ದ ಯುವಕ ಹಿಡಿಯದೆ ಇರುತ್ತಾನೆಯೇ? ಆದರೆ ಓಟದ ನಿಯಮಕ್ಕೆ ಕರುಣೆ ಇಲ್ಲ. ಹೊರಗಿನವರು ಹಿಡಿದೆತ್ತಿದರೆ ಅಲ್ಲಿಗೆ ಮುಗಿಯಿತು. ಸೀಟಿ ಊದಿದರು, ಎದೆಯ ನಂಬರು ಬಿಚ್ಚಿಸಿದರು.

ಇಪ್ಪತ್ತೊಂದು ಕಿಲೋಮೀಟರಿನ ಓಟ. ಉಳಿದದ್ದು ಬರೀ ನಾಲ್ಕು!

“ನೀವು ಬೀಳ್ತಿದ್ರಿ...” ಎಂದ ತಾರಾನಾಥ, ಹಂಪನಕಟ್ಟೆಯ ಹೋಟೆಲಿನವರ ಮಗ.

“ಬಿದ್ರೆ ಏಳ್ತಿದ್ದೆ. ನಿಮಗೆಂತ?”

ಅದು ೧೯೮೪. ಬೋಳಾರದ ಮನೆಯಲ್ಲಿ ಅವಳ ದಾರಿ ಕಾಯುವವರು ಯಾರೂ ಇರಲಿಲ್ಲ. ಅಮ್ಮ ತೀರಿಕೊಂಡು ಎರಡು ವರ್ಷ. ಅಪ್ಪ ಪೂವಪ್ಪ ಬೋಟು ಹತ್ತಿದರೆ ವಾರಗಟ್ಟಲೆ ಕಡಲಲ್ಲಿ. ಒಬ್ಬಳೇ ಗಂಜಿ ಬಡಿಸಿಕೊಂಡಳು, ಉಣ್ಣಲಾಗದೆ ಅತ್ತಳು.

ಮಾರನೆಯ ದಿನ ತಾರಾನಾಥ ಕ್ಷಮೆ ಕೇಳಲು ಬಂದ. ಅವಳು ಬಾಗಿಲು ತೆರೆಯಲಿಲ್ಲ. ‘ದೊಡ್ಡ ಮನೆಯವರಿಗೆ ಮೀನು ಮಾರುವವಳ ಮಗಳೆಂದರೆ ಕನಿಕರ... ಅಷ್ಟೇ!’

“ಒಂದೇ ಮಾತು ಮಾರಾಯ್ರೆ,” ಎಂದ ಹೊರಗಿನಿಂದಲೇ. “ಶುರುವಿಗೇ ಅಷ್ಟು ಜೋರು ಓಡಿದ್ದು ಯಾಕೆ?”

ಅವನು ಹೋದ. ಪ್ರಶ್ನೆ ಹೋಗಲಿಲ್ಲ.

ಯಾಕೆ? ಬೋಟುಗಳು ಮೀನಿಳಿಸುವ ಬಂದರಿನ ದಕ್ಕೆಯಿಂದ ಅಮ್ಮನ ಮೀನಿನ ಬುಟ್ಟಿ ಹೊತ್ತು ಓಡಿ ಕಲಿತ ಕಾಲು ಅವಳದು. ಮಾರುಕಟ್ಟೆಗೆ ಮೊದಲು ತಲುಪಿದವಳಿಗೇ ಒಳ್ಳೆಯ ಜಾಗ. ಉಸಿರು ಬಿಗಿಹಿಡಿದು ಒಂದೇ ಓಟ! ಇಪ್ಪತ್ತೊಂದು ಕಿಲೋಮೀಟರನ್ನೂ ಹಾಗೆಯೇ ಓಡಹೋಗಿದ್ದಳು, ತಲೆಯ ಮೇಲೆ ಬುಟ್ಟಿ ಇದ್ದ ಹಾಗೆ.

ಒಂದು ವರ್ಷ ಒಬ್ಬಳೇ ಓಡಿದಳು. ನಿಧಾನಕ್ಕೆ ಹೊರಡುವುದನ್ನು ಕಲಿಯುವುದು ಎಷ್ಟು ಕಷ್ಟ! ಕೂಳೂರು ಸೇತುವೆಯವರೆಗೆ ಹೋಗಿ ಬಂದರೂ “ಬಂದೆಯಾ?” ಎನ್ನುವವರಿಲ್ಲ. ಕೆಲವು ಬೆಳಿಗ್ಗೆ ಕೊಟ್ಟಾರದಲ್ಲಿ ಸೈಕಲ್ ಹಿಡಿದು ನಿಂತ ತಾರಾನಾಥ ಕಾಣುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಅವನಿಲ್ಲದ ದಿನ ಆ ತಿರುವು ಬಿಕೋ ಎನ್ನುತ್ತಿತ್ತು... ಒಪ್ಪಿಕೊಳ್ಳಬೇಕಲ್ಲ, ಹಠಮಾರಿ!

ಮರುವರ್ಷದ ಓಟ. ಎಲ್ಲರೂ ನುಗ್ಗಿದರು, ಹರಿಣಾಕ್ಷಿ ಹಿಂದೆ ಉಳಿದಳು. ‘ಹೋಗಲಿ... ನನ್ನ ತಲೆ ಮೇಲೆ ಬುಟ್ಟಿ ಇಲ್ಲ.’ ಅರ್ಧ ದಾರಿಯ ಪಣಂಬೂರಿನಿಂದ ತಿರುಗಿದ ಮೇಲೆ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು.

ಅದೇ ಕೊಟ್ಟಾರ. ಜಲ್ಲಿಕಲ್ಲಿಗೆ ಕಾಲು ತಾಗಿ ಮುಗ್ಗರಿಸಿ ಬಿದ್ದಳು. ಮೊಣಕಾಲಿನಿಂದ ರಕ್ತ!

ತಾರಾನಾಥ ಓಡಿ ಬಂದ. ಎರಡು ಹೆಜ್ಜೆ ದೂರದಲ್ಲಿ ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವನ ಕಣ್ಣು ತುಂಬಿತ್ತು.

“ಏಳಿ ಹರಿಣಾಕ್ಷಿ... ನಿಮಗೆ ಆಗ್ತದೆ. ನಾನು ಮುಟ್ಟುದಿಲ್ಲ!”

‘ಕನಿಕರವಾಗಿದ್ದರೆ ಎತ್ತಿಬಿಡುತ್ತಿದ್ದ... ಇವನು ನನ್ನನ್ನು ನಂಬಿದ್ದಾನೆ!’ ಹರಿಣಾಕ್ಷಿ ಎದ್ದಳು. ಓಡಿದಳು.

ನೆಹರು ಮೈದಾನ ಮುಟ್ಟಿದಾಗ ಮೂರನೆಯವಳು. ಸುತ್ತ ಎಲ್ಲರನ್ನೂ ಅವರವರ ಮನೆಯವರು ಅಪ್ಪಿಕೊಳ್ಳುತ್ತಿದ್ದರು. ಅವಳು ಪದಕ ಹಿಡಿದು ಒಬ್ಬಳೇ ನಿಂತಿದ್ದಳು. ಆಗ ತಾರಾನಾಥ ಕಂಡ, ಹಿಂದೆಯೇ ಓಡಿಬಂದು ಏದುಸಿರು ಬಿಡುತ್ತಾ, ಇನ್ನೂ ಕೈ ಕಟ್ಟಿಕೊಂಡೇ.

“ಅಷ್ಟು ದೂರ ಯಾಕೆ ನಿಂತದ್ದು?”

“ಹೆದರಿಕೆ ಉಂಟು.”

“ಓಟ ಮುಗಿಯಿತಲ್ಲ...” ಅವಳು ಕೈ ಚಾಚಿದಳು. “ಈಗ ಹಿಡಿದ್ರೆ ಯಾರೂ ಸೀಟಿ ಊದುದಿಲ್ಲ.”

ಅವನು ಹಿಡಿದ. “ಇನ್ನು ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

“ಬಿಡಿ ಅಂತ ಯಾರು ಹೇಳಿದ್ದು?” ಅಳುತ್ತಲೇ ನಕ್ಕಳು. “ಮೆಲ್ಲ ನಡೀರಿ ಆಯ್ತಾ... ದಾರಿ ತುಂಬಾ ಉಂಟು.”