ಮರಳುವೇಳೆ

ಗೋಡೆಗೆ ಅಂಟಿಸಿದ್ದ ಅಂಗೈಯಗಲದ ಬಿಲ್ಲೆ ಒಮ್ಮೆ ಹಸಿರಾಗಿ ಮಿನುಗಿತು. ಅದರ ಎದುರಿನ ಸೋಫಾದಲ್ಲಿ ಒಂಬತ್ತು ವರ್ಷದ ಚಿನ್ಮಯಿ ಟ್ಯಾಬ್ ಹಿಡಿದು ಕುಳಿತಿದ್ದಳು. ಅಡುಗೆಮನೆಯಿಂದ ತಾಯಿ ಗಂಗೋತ್ರಿ "ಚಿನ್ನೂ" ಎಂದು ಕರೆದಳು. ಹುಡುಗಿ ಕಣ್ಣೆತ್ತಿದಳು. ಬಿಲ್ಲೆ ಅದನ್ನು ಗಮನಿಸಿ, ತನ್ನೊಳಗೆ ಏನೋ ದಾಖಲಿಸಿಕೊಂಡು ಸುಮ್ಮನಾಯಿತು.

"ಸಾಕು, ಇಡು ಅದನ್ನ" ಎಂದಳು ತಾಯಿ. ಕರೆದದ್ದು ಅಷ್ಟಕ್ಕೇ.

ಆ ಬಿಲ್ಲೆಯ ಹೆಸರು ಕಣ್ಗಾವಲು. ಮಕ್ಕಳ ಮೊಬೈಲಿಗೆ ಕಡಿವಾಣ ಹಾಕುವ ಆ್ಯಪ್‌ಗಳು ಅಷ್ಟು ಹೊತ್ತಿಗೆ ಊರಿಗೆಲ್ಲ ಹಳತಾಗಿದ್ದವು. ಚಿನ್ಮಯಿಯ ತಂದೆ ಶಿವಯೋಗಿ ಎಂಟು ತಿಂಗಳಲ್ಲಿ ಏಳನ್ನು ಹಾಕಿ ತೆಗೆದಿದ್ದ. ಮೊದಲನೆಯದಕ್ಕೆ ಗುಪ್ತಸಂಖ್ಯೆ ಬೇಕಿತ್ತು. ಪುಣ್ಯಾತ್ಮ ತನ್ನ ಅಂಗಡಿಯ ಫೋನಿನ ಕೊನೆಯ ನಾಲ್ಕು ಅಂಕಿಗಳನ್ನೇ ಇಟ್ಟಿದ್ದ. ಅದು ಅಂಗಡಿಯ ಬೋರ್ಡಿನ ಮೇಲೇ ಇತ್ತು. ಎರಡನೆಯದು ಹೆಬ್ಬೆರಳು ಕೇಳುತ್ತಿತ್ತು. ಊಟವಾದ ಮೇಲೆ ಶಿವಯೋಗಿ ಒರಗಿಕೊಂಡರೆ ಅವನ ಹೆಬ್ಬೆರಳು ಯಾರಿಗೆ ಬೇಕಾದರೂ ಸಿಗುತ್ತಿತ್ತು. ಮೂರನೆಯದು ಮಗಳ ಟ್ಯಾಬಿನ ಜೊತೆ ಅವನ ಅಂಗಡಿಯ ಸೀರೆಗಳ ಚಿತ್ರಗಳನ್ನೂ ಇಡೀ ಒಂದು ದಿನ ಮುಚ್ಚಿಬಿಟ್ಟಿತು. ಉಳಿದವುಗಳ ಕತೆ ಹೇಳುವುದು ಬೇಡ.

ಎಂಟನೆಯದಾಗಿ ಬಂದ ಕಣ್ಗಾವಲನ್ನು ರೂಪಿಸಿದವರು ಹುಬ್ಬಳ್ಳಿಯ ಒಂದು ಸಂಶೋಧನಾಲಯದ ಡಾ. ಮೆಹರುನ್ನಿಸಾ ನದಾಫ್. ಅವರ ಆಲೋಚನೆ ಸರಳವಾಗಿತ್ತು. ಮಗು ಎಷ್ಟು ಗಂಟೆ ತೆರೆ ನೋಡಿತು ಎಂಬುದು ಮುಖ್ಯವಲ್ಲ, ಕರೆದಾಗ ಎಷ್ಟು ಬೇಗ ತೆರೆಯಿಂದ ಹೊರಬರುತ್ತದೆ ಎಂಬುದು ಮುಖ್ಯ. ಕರೆದ ಕ್ಷಣದಿಂದ ಕಣ್ಣು ಏಳುವವರೆಗಿನ ಅವಧಿಗೆ ಅವರು 'ಮರಳುವೇಳೆ' ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ನೋಂದಾಯಿತರಾದವರ ಪೈಕಿ ಮರಳುವೇಳೆ ಅತಿ ಕಡಿಮೆ ಇರುವವರಿಗೆ ಯಂತ್ರ ತಾನಾಗಿ 'ಕೀಲಿಗಾರ' ಪಟ್ಟ ಕೊಡುತ್ತಿತ್ತು. ಎಲ್ಲರ ತೆರೆಗಳ ವೇಳೆ ನಿಗದಿ ಮಾಡುವ ಅಧಿಕಾರ ಕೀಲಿಗಾರನದು. ಬೇರೆ ಮನೆಗಳಲ್ಲಿ ಮಕ್ಕಳ ಕಣ್ಣುಗಳನ್ನಷ್ಟೇ ನೋಂದಾಯಿಸುತ್ತಿದ್ದರು. ದೊಡ್ಡವರೂ ನೋಂದಾಯಿಸಿದ್ದರಷ್ಟೇ ಯಂತ್ರ ಹೋಲಿಸಿ ಪಟ್ಟ ಕೊಡುತ್ತಿತ್ತು, ಇಲ್ಲದಿದ್ದರೆ ಕೀಲಿ ದೊಡ್ಡವರ ಬಳಿಯೇ ಉಳಿಯುತ್ತಿತ್ತು.

ಶಿವಯೋಗಿ ಹಾಗೆ ಮಾಡಲಿಲ್ಲ. ಇಪ್ಪತ್ತು ವರ್ಷದಿಂದ ಸೀರೆ ವ್ಯಾಪಾರ ಮಾಡಿದವನು. ಸೆರಗಿನ ತುದಿ ನೀರಲ್ಲಿ ನೆನೆಸಿ, ಬಿಳಿ ಅರಿವೆಗೆ ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ನೋಡದೆ ಒಂದು ಸೀರೆಯನ್ನೂ ಅಂಗಡಿಗೆ ಇಳಿಸಿಕೊಂಡವನಲ್ಲ. "ಮೊದಲ ನನ್ನ ಮ್ಯಾಲ ನೋಡೂಣು" ಎಂದು ತನ್ನ ಕಣ್ಣು, ಹೆಂಡತಿಯ ಕಣ್ಣು, ತಾಯಿ ಶಾಂತವ್ವನ ಕಣ್ಣು ಎಲ್ಲವನ್ನೂ ಕೊಟ್ಟುಬಿಟ್ಟ.

ಈ ಸಲ ಪರೀಕ್ಷೆ ಕೊನೆಯದಾಗಿತ್ತು. ಇದೂ ಕೈಕೊಟ್ಟರೆ ಚಿನ್ಮಯಿಯನ್ನು ಮೊಬೈಲ್ ಒಳಗೆ ಬಿಡದ ವಸತಿ ಶಾಲೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅರ್ಜಿ ತುಂಬಿ ಕಪಾಟಿನಲ್ಲಿಟ್ಟಾಗಿತ್ತು, ಶನಿವಾರ ಕಡೆಯ ದಿನ. ಚಿನ್ಮಯಿ ಅದನ್ನು ಓದಿದ್ದಳು. ಯಾರ ಮುಂದೆಯೂ ಅಳಲಿಲ್ಲ. ಹಾಸ್ಟೆಲಿನಲ್ಲಿ ಕಳೆದುಹೋಗಬಾರದೆಂದು ಬಣ್ಣದ ಪೆನ್ಸಿಲ್ ಡಬ್ಬಿಯ ಮೇಲೆ ತನ್ನ ಹೆಸರು ಬರೆದುಕೊಂಡಿದ್ದಳು.

ಶುಕ್ರವಾರ ಶಿವಯೋಗಿ ಮಗಳನ್ನು ಕರೆದುಕೊಂಡು ಸಂಶೋಧನಾಲಯಕ್ಕೆ ಹೋದ. ಡಾ. ನದಾಫ್ ಬಿಲ್ಲೆಯ ಮೂರು ದಿನಗಳ ವರದಿಯನ್ನು ಎರಡು ಸಲ ಓದಿದರು. ಇಂಥದ್ದನ್ನು ಅವರು ನೋಡಿರಲಿಲ್ಲ.

"ನಿಮ್ಮ ಮನೀ ಕೀಲಿಗಾರ ಯಾರು ಅಂತ ತೀರ್ಮಾನ ಆಗೇತ್ರಿ" ಎಂದರು. "ಇಕಿನ. ನಿಮ್ಮ ಮಗಳು."

ಶಿವಯೋಗಿ ನಕ್ಕ. "ಮಷೀನ್ ಕೆಟ್ಟೇತ್ರಿ, ಮೇಡಂ. ಇಕಿ ದಿನಾ ನಾಕ್ ತಾಸು ಅದರಾಗ ಇರ್ತಾಳ."

"ಇರ್ತಾಳ್ರಿ. ಆದ್ರ ಇಕಿ ಮರಳುವೇಳೆ ಎರಡು ಸೆಕೆಂಡ್. ನಿಮ್ಮ ಮನಿಯವರದು ಇಪ್ಪತ್ತಾರು. ನಿಮ್ಮ ತಾಯಿಯವರದು ಜಾಹೀರಾತು ಬಂದಾಗ ಮೂರು, ಧಾರಾವಾಹಿ ನಡದಾಗ ಲೆಕ್ಕಕ್ಕ ಸಿಗಂಗಿಲ್ಲ."

"ನಂದು?"

ಆಗಲೇ ಅವನ ಫೋನು ಸದ್ದು ಮಾಡಿತು. ಯಾರೋ ಗಿರಾಕಿ ಸೀರೆಯೊಂದರ ಚಿತ್ರ ಕೇಳಿದ್ದರು. ಶಿವಯೋಗಿ ಹುಡುಕತೊಡಗಿದ.

"ಅಪ್ಪಾ" ಎಂದಳು ಚಿನ್ಮಯಿ.

"ಹ್ಞಾಂ, ಒಂದ್ ನಿಮಿಷ."

ಡಾ. ನದಾಫ್ ಗೋಡೆಯ ಗಡಿಯಾರ ನೋಡುತ್ತ ಕುಳಿತರು. ಅವನು ತಲೆಯೆತ್ತಿದಾಗ ಮೆಲ್ಲಗೆ, "ಐವತ್ತೊಂದು" ಎಂದರು. "ವರದಿಯೊಳಗ ಸರಾಸರಿ ನಲವತ್ತೆಂಟು ಐತ್ರಿ."

ಶಿವಯೋಗಿಯ ಮುಖ ಸಪ್ಪೆಯಾಯಿತು. "ಅದು ವ್ಯಾಪಾರದ ಕೆಲಸ ಇತ್ತಲ್ರಿ."

"ತೆರೆ ಮ್ಯಾಲ ಏನೈತಿ ಅಂತ ಇದು ನೋಡಂಗಿಲ್ರಿ. ಮೂರು ದಿನದಾಗ ಇಕಿ ನಿಮ್ಮನ್ನ ನಲವತ್ನಾಕ್ ಸಲ ಕರದಾಳ. ಹತ್ತೊಂಬತ್ತು ಸಲ ನೀವು ಕಣ್ಣ ಎತ್ತಿಲ್ಲ. ಇಕಿನ್ನ ಮನ್ಯಾಗ ಮೂವತ್ತೊಂದು ಸಲ ಕರದೀರಿ, ಅದರಾಗ ಇಪ್ಪತ್ತೊಂಬತ್ತು 'ಇಡು ಅದನ್ನ' ಅನ್ನಾಕ."

"ಮತ್ತ ನಾಕ್ ತಾಸು ಯಾಕ ನೋಡ್ತಾಳ್ರಿ ಹಂಗಾರ?"

"ಕಣ್ಣಷ್ಟ ಅಲ್ಲಿರ್ತಾವು. ಕಿವಿ ನಿಮ್ಮ ಕಡೆ ಇರ್ತಾವು. ಚಟಕ್ಕ ಬಿದ್ದವರು ಎರಡು ಸೆಕೆಂಡಿಗೆ ಏಳಂಗಿಲ್ರಿ. ಯಾರರೆ ಕರೀತಾರೇನು ಅಂತ ಕಾಯ್ಕೊಂತ ಕುಂತವರು ಏಳ್ತಾರ."

ಶಿವಯೋಗಿ ಫೋನನ್ನು ಕಿಸೆಗಿಳಿಸಿದ. "ಕೀಲಿ ನಮ್ಮ ಕಡೆ ತಿರುಗಿಸಾಕ ಬರತೈತೇನ್ರಿ?" ಎಂದ.

"ಹದಿನೈದು ದಿನಕ್ಕ ಮತ್ತ ಅಳೀತೈತಿ. ನಿಮ್ಮ ವೇಳೆ ಇಕಿಕಿಂತ ಕಡಿಮಿ ಆದ್ರ ತಾನಾಗೇ ಬರತೈತಿ."

ಅಂದು ಸಂಜೆ ಚಿನ್ಮಯಿ ಬಿಲ್ಲೆಯ ಮುಂದೆ ನಿಂತು, ಬಹಳ ಗಂಭೀರವಾಗಿ ಯೋಚಿಸಿ ಎಲ್ಲರಿಗೂ ವೇಳೆ ಹಂಚಿದಳು. ಅಪ್ಪನಿಗೆ ಅಂಗಡಿಯಲ್ಲಿ ಬೇಕಾದಷ್ಟು, ಮನೆಯಲ್ಲಿ ಅರ್ಧ ತಾಸು. ಅವ್ವನಿಗೆ ಒಂದು ತಾಸು. ಅಜ್ಜಿಗೆ ಅವಳ ಎರಡೂ ಧಾರಾವಾಹಿ ಪೂರ್ತಿ, ಯಾಕೆಂದರೆ ಅಜ್ಜಿ ಮೊದಲೇ ಬಂದು ಕಿವಿಯಲ್ಲಿ ಹೇಳಿಹೋಗಿದ್ದಳು.

ಮೊದಲ ಎರಡು ಸಂಜೆ ಮನೆಯಲ್ಲಿ ಕೈಗೆ ಕೆಲಸವಿಲ್ಲದವರ ಚಡಪಡಿಕೆ. ಶಿವಯೋಗಿ ಕಿಸೆ ಮುಟ್ಟಿಕೊಳ್ಳುವುದು, ಎದ್ದು ನೀರು ಕುಡಿಯುವುದು, ಮತ್ತೆ ಕುಳಿತುಕೊಳ್ಳುವುದು. ಮೂರನೆಯ ಸಂಜೆ ಅಂಗಡಿಯಿಂದ ಐದಾರು ಸೀರೆ ತಂದ. ಗಿರಾಕಿಗಳು ಬಿಚ್ಚಿಸಿ ನೋಡಿ, ಕೊಳ್ಳದೆ ಬಿಟ್ಟುಹೋದಂಥವು. ಒಂದೇ ಬೀಸಿಗೆ ಸೀರೆಯನ್ನು ಹರವಿ, ಅಂಚಿಗೆ ಅಂಚು ಕೂಡಿಸಿ ಮಡಚುವುದನ್ನು ಮಗಳಿಗೆ ತೋರಿಸಿದ. ಆರು ಗಜದ ಅಂತರದಲ್ಲಿ ನಿಂತು ಅವಳೊಂದು ತುದಿ, ಅವನೊಂದು ತುದಿ. ಗಂಗೋತ್ರಿ ಬಾಗಿಲಲ್ಲಿ ನಿಂತು, "ನನಗ ಮದುವ್ಯಾದಾಗಿಂದ ಇದನ್ನ ಕಲಿಸಲಿಲ್ಲ ನೀವು" ಎಂದಳು. ಮಾತಿನಲ್ಲಿ ದೂರಿಗಿಂತ ಆಸೆಯೇ ಹೆಚ್ಚಿತ್ತು. ಮರುದಿನದಿಂದ ಅವಳೂ ಸೇರಿಕೊಂಡಳು.

ಶನಿವಾರ ಬಂದು ಹೋಗಿತ್ತು. ಅರ್ಜಿಯ ಮಾತನ್ನು ಯಾರೂ ಎತ್ತಲಿಲ್ಲ. ಶಾಲೆಯವರು ತಡವಾದರೂ ತೆಗೆದುಕೊಳ್ಳುತ್ತಾರೆಂದು ಚಿನ್ಮಯಿ ಕೇಳಿದ್ದಳು. ಅದಕ್ಕೇ ದಿನಾ ಕಪಾಟು ತೆರೆದು, ಅದು ಅಲ್ಲೇ ಇದೆಯೇ ಎಂದು ನೋಡುತ್ತಿದ್ದಳು.

ಹದಿನೈದನೆಯ ದಿನ ಬಿಲ್ಲೆ ಮತ್ತೆ ಹಸಿರಾಯಿತು. ಶಿವಯೋಗಿಯ ಮರಳುವೇಳೆ ಒಂದು ಸೆಕೆಂಡಿಗೆ ಇಳಿದಿತ್ತು. ಕೀಲಿ ಅವನಿಗೆ ಬಂತು. ಅವನಿಗೆ ಪರೀಕ್ಷೆಯಲ್ಲಿ ಪಾಸಾದ ಹಿಗ್ಗು. ಮಗಳು ಮಾಡಿದ್ದ ಪಟ್ಟಿಯನ್ನು ಮೊದಲ ಬಾರಿಗೆ ತೆರೆದು ನೋಡಿದ. ಅಪ್ಪ, ಅವ್ವ, ಅಜ್ಜಿ. ನಾಲ್ಕನೆಯ ಸಾಲಿನಲ್ಲಿ ಚಿನ್ಮಯಿ. ಅದರ ಮುಂದೆ ಸೊನ್ನೆ.

ಆಗ ಅವನಿಗೆ ನೆನಪಾಯಿತು, ಅವಳ ಕೈಯಲ್ಲಿ ಟ್ಯಾಬ್ ನೋಡಿ ಎಷ್ಟು ದಿನವಾಯಿತೆಂದು. ಅದು ಚಾರ್ಜ್ ಇಲ್ಲದೆ ಕಪಾಟಿನಲ್ಲಿ ಬಿದ್ದಿತ್ತು, ಅರ್ಜಿಯ ಪಕ್ಕದಲ್ಲೇ.

"ಚಿನ್ನೂ, ಕೀಲಿ ನಿನ್ನ ಕೈಯಾಗ ಇತ್ತಲ್ಲವ್ವಾ" ಎಂದ. "ನಿನಗ ಒಂದೀಟೂ ಟೈಮ್ ಯಾಕ ಇಟ್ಕೊಳ್ಳಲಿಲ್ಲ?"

ಚಿನ್ಮಯಿ ಹಸಿರು ಸೀರೆಯೊಂದರ ತುದಿ ಹಿಡಿದು ಅವನಿಗಾಗಿ ಕಾಯುತ್ತಿದ್ದಳು.

"ನೀವೆಲ್ಲಾರೂ ಮನ್ಯಾಗ ಇದ್ರಲ್ಲಪ್ಪಾ" ಎಂದಳು. "ಮತ್ಯಾಕ ಬೇಕಿತ್ತು?"

ಶಿವಯೋಗಿ ಎದ್ದು ಹೋಗಿ ಕಪಾಟಿನಿಂದ ಅರ್ಜಿ ತೆಗೆದು, ಅವಳ ಎದುರಿಗೇ ನಾಲ್ಕು ತುಂಡು ಮಾಡಿದ. ಆಮೇಲೆ ಬಂದು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡ.