ಫ್ಯಾನ್ ನಿಂತ ಮೇಲೆ

ಚಾರ್ಜರ್ ಸಿಕ್ಕಿಸಿದ್ದರೆ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದ. ಚಾರ್ಜರ್ ಕಿತ್ತ ತಕ್ಷಣ ಬಾಯಿಗೆ ಬೀಗ. ಅಂಥವನ ಮೇಲೆ ನನಗೆ ಮನಸ್ಸಾಯಿತು, ಏನು ಮಾಡಲಿ!

ನಮ್ಮದು ಹೊಸ ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸಿ ವರದಿ ಬರೆಯುವ ಆಫೀಸು. ಒಂದೊಂದಕ್ಕೂ ಎರಡು ಪರೀಕ್ಷೆ: ಬೆಳಿಗ್ಗೆ ಚಾರ್ಜರ್ ಹಾಕಿ, ಮಧ್ಯಾಹ್ನ ಬರೀ ಬ್ಯಾಟರಿಯಲ್ಲಿ, ಅದು ಖಾಲಿಯಾಗುವವರೆಗೆ. ಕಿಟಕಿಯಿಲ್ಲದ ಪುಟ್ಟ ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಒಂದು ಮೇಜು, ಎರಡು ಕುರ್ಚಿ. ಮುಂದಿನ ಕುರ್ಚಿ ಅವನದು, ಹಿಂದಿನ ಮೂಲೆಯದು ನನ್ನದು.

ಅವನ ಕೆಲಸ ನಡೆಯುವುದು. ಒಂದೇ ಆಟ, ಒಂದೇ ದಾರಿ. ಊರಬಾಗಿಲಿಂದ ಹೊರಟು, ಸೇತುವೆ ದಾಟಿ, ಮಾರುಕಟ್ಟೆ ಬಳಸಿ, ಕೆರೆಯ ದಂಡೆಯಲ್ಲಿ ನಿಲ್ಲಬೇಕು. ಮೂರು ನಿಮಿಷ ಇಪ್ಪತ್ತು ಸೆಕೆಂಡು. ಎಲ್ಲ ಯಂತ್ರಗಳಿಗೂ ಒಂದೇ ಅಳತೆ ಇರಲಿ ಅಂತ ಒಂದು ಹೆಜ್ಜೆಯನ್ನೂ ಆಚೀಚೆ ಇಡುವಂತಿಲ್ಲ. ಆಟದೊಳಗೆ ಯಾವಾಗಲೂ ಅದೇ ಸಂಜೆ, ಕೆರೆಯ ಮೇಲೆ ಯಾವಾಗಲೂ ಅದೇ ಹೊಂಬಣ್ಣ. ಆಫೀಸಿನಲ್ಲಿ ಎಲ್ಲರೂ ಅವನನ್ನು ದಾರಿಹೋಕ ಅಂತಲೇ ಕರೆಯುತ್ತಿದ್ದರು. ನನ್ನ ಕೆಲಸ ಮೇಜಿನ ಮೇಲಿನ ಮೈಕಿನಿಂದ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಅಳೆಯುವುದು, ಹಾಗಾಗಿ ನಾನು ಕಿವಿ.

ಚಾರ್ಜರ್ ಇದ್ದರೆ ಲ್ಯಾಪ್‌ಟಾಪಿಗೆ ಆನೆಬಲ. ಚಿತ್ರ ಸೆಕೆಂಡಿಗೆ ನೂರಿಪ್ಪತ್ತು ಸಲ ಮೂಡುತ್ತದೆ, ಕೆರೆಯ ಅಲೆಗಳು ನುಣ್ಣಗೆ ಜಾರುತ್ತವೆ, ಫ್ಯಾನು ಭೋರ್ಗರೆಯುತ್ತದೆ. ಬ್ಯಾಟರಿಗೆ ಬಂದರೆ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ. ಪರದೆ ಮಂಕಾಗುತ್ತದೆ, ಫ್ಯಾನು ಸುಮ್ಮನಾಗುತ್ತದೆ. ಆಗ ಅವನು ಉಗುಳು ನುಂಗಿದರೂ ನನಗೆ ಕೇಳಿಸುತ್ತಿತ್ತು.

ಆ ಮೌನದಲ್ಲಿ, ಅಳತೆ ಶುರುವಾಗುವ ಮೊದಲು, ಅವನು ಆಡುತ್ತಿದ್ದ ಮಾತು ಇಷ್ಟೇ.

“ಹೊರಗೆ ಬಿಸಿಲು ಜೋರಾ?”

“ಕಿಟಕಿ ಇಲ್ವಲ್ಲ, ನಂಗೆ ಹೇಗೆ ಗೊತ್ತಾಗ್ಬೇಕು?”

“ಹೌದಲ್ವಾ.”

ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಎರಡೂ ಕೆಂಪಗಾಗಿರುತ್ತಿದ್ದವು. ಹಿಂದೆ ಕೂತ ನನಗೆ ಅವು ಚೆನ್ನಾಗಿ ಕಾಣುತ್ತಿದ್ದವು.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ನನ್ನ ಮೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೆಳಗಿನ ರೆಕಾರ್ಡಿಂಗ್ ಕೇಳುತ್ತಿದ್ದೆ. ಫ್ಯಾನಿನ ಭೋರ್ಗರೆತದ ಅಡಿಯಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು.

“ಇವತ್ತೂ ಹಸಿರು ಓಲೆ ಹಾಕ್ಕೊಂಡು ಬಂದಿದಾಳೆ. ಪರದೆ ಮೇಲೆ ಬೇರೆ ಹೊಳೀತಾವೆ. ನಾನು ದಾರಿ ನೋಡ್ಲೋ, ಓಲೆ ನೋಡ್ಲೋ?”

ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಹೌದು, ಹಸಿರು ಓಲೆಯೇ.

ಆ ಮೈಕು ಸದ್ದನ್ನು ಅಳೆಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಹಿಡಿದಿಟ್ಟುಕೊಳ್ಳುತ್ತದೆ ಅಂತ ಗೊತ್ತಿರಲಿಲ್ಲ. ಫ್ಯಾನು ತನ್ನ ಮಾತನ್ನೆಲ್ಲ ನುಂಗಿಹಾಕುತ್ತದೆ ಅಂದುಕೊಂಡು, ಗಲ್ಲದಿಂದ ಒಂದು ಗೇಣು ದೂರದ ಮೈಕಿಗೆ ಮನಸ್ಸನ್ನೆಲ್ಲ ಸುರಿಯುತ್ತಿದ್ದ.

ಮನುಷ್ಯರ ದನಿ ಸೇರಿದರೆ ಆ ರೆಕಾರ್ಡಿಂಗ್ ಅಳಿಸಿ, ಪರೀಕ್ಷೆ ಮತ್ತೆ ಮಾಡಬೇಕು ಅನ್ನುವುದು ಸದ್ದು ಅಳೆಯುವವರಿಗೆ ಇದ್ದ ನಿಯಮ. ನಾನು ಹಾಳೆಯಲ್ಲಿ ಬರೆದೆ: ಹೊರಗಿನ ಸದ್ದು. ಮತ್ತೊಮ್ಮೆ. ಮರುದಿನ ಅವನು ಮತ್ತೆ ನಡೆದ, ಮತ್ತೆ ಪಿಸುಗುಟ್ಟಿದ. “ಮತ್ತೊಮ್ಮೆ ಅಂತೆ. ಪುಣ್ಯ, ಇನ್ನೂ ಮೂರು ನಿಮಿಷ ಸಿಕ್ತು.”

ಹೀಗೆ ಶುರುವಾಯಿತು. ನಾನು ಮತ್ತೊಮ್ಮೆ ಅಂತ ಬರೆಯುವುದು, ಅವನು ಮತ್ತೊಮ್ಮೆ ಹೇಳುವುದು. “ನಗು ಬಂದ್ರೆ ತಡ್ಕೋತಾಳೆ, ಆಗ ಮೂಗು ಚೂರು ಅರಳುತ್ತೆ” ಅಂತ ಒಂದು ದಿನ. “ಕೆರೆ ದಂಡೆಗೆ ಬಂದ್ವಿ, ಕೂತ್ಕೊಳ್ಳಿ” ಅಂತ ಇನ್ನೊಂದು ದಿನ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಮೇಡಂಗೆ ಅನುಮಾನ ಬಂತು. “ಏನಮ್ಮಾ ಕಿವಿ, ಬ್ಯಾಟರಿ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುತ್ತೆ. ಚಾರ್ಜರ್ ಪರೀಕ್ಷೆ ಮಾತ್ರ ಯಾಕೆ ನಾಲ್ಕು ನಾಲ್ಕು ಸಲ?”

“ಹೊರಗಿನ ಸದ್ದು, ಮೇಡಂ.”

“ಸುತ್ತ ಸ್ಪಂಜು ಹೊಡೆಸಿರೋ ಕೋಣೆಗೆ ಹೊರಗಿನ ಸದ್ದು ಎಲ್ಲಿಂದ ಬರುತ್ತೆ?”

ನಾನು ಹಲ್ಲು ಕಚ್ಚಿ ನಗು ತಡೆದೆ. ಮೂಗು ಅರಳಿರಬೇಕು.

ವಿಷಯ ಗೊತ್ತಿದ್ದವಳು ಅಕ್ಕ ಒಬ್ಬಳೇ. “ನೀನೇ ಹೇಳ್ಬಿಡೇ” ಅಂತ ಅಡುಗೆಮನೆಯಲ್ಲಿ ದಿನವೂ ಪೀಡಿಸುತ್ತಿದ್ದಳು.

“ಅವ್ನೇ ಹೇಳ್ಲಿ ಅಕ್ಕಾ. ಫ್ಯಾನ್ ಸದ್ದಿಲ್ದೇ, ನನ್ ಮುಖ ನೋಡ್ಕೊಂಡು ಹೇಳ್ಲಿ.”

“ಕದ್ದು ಕೇಳೋಳು ನೀನು. ಜಂಬ ಬೇರೆ!”

ಆ ಮಾತು ಚುಚ್ಚಿತು. ಮೊದಲ ದಿನ ಕೇಳಿಸಿದ್ದು ಆಕಸ್ಮಿಕ ಸರಿ, ಆಮೇಲಿನದ್ದು?

ಕಳೆದ ವಾರ ಮೇಡಂ ಹೇಳಿದರು, ಸೋಮವಾರದಿಂದ ಆಟದ ದಾರಿಯನ್ನು ಪ್ರೋಗ್ರಾಮೇ ನಡೆಯುತ್ತದೆ ಅಂತ. ದಾರಿಹೋಕನಿಗೆ ದೂರದ ಊರಿನ ಆಫೀಸಿನಲ್ಲಿ ದೊಡ್ಡ ಕೆಲಸ. ಬೇಡವೆಂದರೆ ಇಲ್ಲೇ ವರದಿ ಬರೆಯುವ ಮೇಜು. ಹೂಂ ಅನ್ನುವುದೋ ಉಹೂಂ ಅನ್ನುವುದೋ, ಶುಕ್ರವಾರ ಸಂಜೆಯೊಳಗೆ ತಿಳಿಸಬೇಕು.

ಶುಕ್ರವಾರ ಬೆಳಿಗ್ಗೆ ಕೊನೆಯ ಲ್ಯಾಪ್‌ಟಾಪಿನ ಚಾರ್ಜರ್ ಪರೀಕ್ಷೆ ಮುಗಿಯಿತು. ಊಟ ಬಿಟ್ಟು ರೆಕಾರ್ಡಿಂಗ್ ಕೇಳಿದೆ. ಊರಬಾಗಿಲಿಂದ ಮಾರುಕಟ್ಟೆಯವರೆಗೆ ಬರೀ ಫ್ಯಾನು. ಕೆರೆಯ ದಂಡೆ ಬಂದಾಗ ಅವನ ದನಿ.

“ಹೋಗ್ಬೇಡ ಅಂತ ಅವಳು ಒಂದು ಮಾತು ಅಂದ್ರೆ ಸಾಕು. ಆದ್ರೆ ಯಾಕಂತಾಳೆ? ಅವಳಿಗೆ ನಾನು ಹಾಳೆ ಮೇಲಿನ ಒಂದು ಸಂಖ್ಯೆ. ಸಂಜೆ ಹೂಂ ಅಂದ್ಬಿಡ್ತೀನಿ.”

ಮಧ್ಯಾಹ್ನದ ಬ್ಯಾಟರಿ ಐವತ್ತು ನಿಮಿಷ ಬಾಳಿದರೆ ಹೆಚ್ಚು. ನನ್ನ ಹತ್ತಿರ ಇದ್ದದ್ದು ಅಷ್ಟೇ ಹೊತ್ತು.

ಅವನು ಕೋಣೆಯ ದೀಪ ಆರಿಸಿ ಚಾರ್ಜರ್ ಕಿತ್ತ. ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ಆಟದ ಸಂಜೆ ಇನ್ನಷ್ಟು ಕಪ್ಪಾಯಿತು, ಆ ಮಂಕು ಬೆಳಕು ಅವನ ಕೆನ್ನೆಯ ಅಂಚಿನಲ್ಲಿ ನಿಂತಿತು. ನಾನು ನನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡೆ. ಹಿಂದೆಂದೂ ಹಾಗೆ ಮಾಡಿರಲಿಲ್ಲ.

“ನಲವತ್ತೆಂಟು” ಅಂದ ಅವನು, ಪರದೆಯ ಮೂಲೆ ನೋಡುತ್ತ. ದನಿ ಸ್ವಲ್ಪ ಏರಿತ್ತು. “ಬೆಳಿಗ್ಗೆ ನೂರಿಪ್ಪತ್ತಿತ್ತು.”

“ಅದೇ ಯಂತ್ರ ತಾನೇ?”

“ಅದೇ. ಗೋಡೆಯಿಂದ ಬರೋ ಬಲ ಬ್ಯಾಟರಿಗೆ ಎಲ್ಲಿಂದ ಬರ್ಬೇಕು? ಇರೋದ್ರಲ್ಲೇ ತಡವರಿಸ್ಕೊಂಡು ನಡೆಯುತ್ತೆ, ಪಾಪ.”

“ಕೆರೆ ತನಕ ಹೋಗುತ್ತಾ?”

“ಹೋಗೋದೇನೋ ಹೋಗುತ್ತೆ.”

ಹೋಯಿತು. ಒಂದು ಸಲ, ಎರಡು ಸಲ, ಹತ್ತು ಸಲ. ಬ್ಯಾಟರಿ ಅರವತ್ತು, ನಲವತ್ತು, ಇಪ್ಪತ್ತು. ಅವನು ಒಂದೆರಡು ಸಲ ನನ್ನ ಕಡೆ ತಿರುಗಿದ. ಮಾತು ನಾಲಿಗೆಯ ತುದಿಗೆ ಬಂದದ್ದು ಕಾಣುತ್ತಿತ್ತು.

“ಹೊರಗೆ ಬಿಸಿಲು...”

“ಇದೆ” ಅಂದೆ. ಸಿಟ್ಟು, ಪ್ರೀತಿ ಎರಡೂ ಒಟ್ಟಿಗೆ ಬಂದವು.

ಎಂಟು ಪರ್ಸೆಂಟ್ ಉಳಿದಾಗ ಅವನ ಕೈ ಚಾರ್ಜರಿನ ಕಡೆ ಹೋಯಿತು. “ಸಾಕಲ್ವಾ? ಹಾಕ್ಬಿಡ್ತೀನಿ.”

ಹಾಕಿದರೆ ಫ್ಯಾನು ಏಳುತ್ತದೆ. ಕೊನೆಯ ಮಾತನ್ನೂ ಇವನು ಅದಕ್ಕೇ ಹೇಳುತ್ತಾನೆ. ನಾನು ಚಾರ್ಜರ್ ಪಿನ್ನನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟೆ.

“ಬೇಡ. ನಾನೊಂದು ತಪ್ಪು ಒಪ್ಕೋಬೇಕು. ಈ ಮೈಕು ಬರೀ ಅಳೆಯಲ್ಲ, ರೆಕಾರ್ಡ್ ಮಾಡುತ್ತೆ. ಕೇಳೋದೇ ನನ್ನ ಕೆಲಸ. ಮೂರು ತಿಂಗಳಿಂದ ನಿಮ್ಮ ಮಾತು ಕೇಳ್ತಾ ಇದೀನಿ.”

ಆಟದ ಮನುಷ್ಯ ಸೇತುವೆಯ ಮೇಲೆ ನಿಂತುಬಿಟ್ಟ. ದಾರಿಯ ನಡುವೆ ಅವನು ನಿಂತದ್ದು ಅದೇ ಮೊದಲು.

“ಎಲ್ಲಾನೂ?”

“ಹಸಿರು ಓಲೆಯಿಂದ ಹಿಡಿದು.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಮುಖದಲ್ಲಿ ನಾಚಿಕೆಯಿರಲಿಲ್ಲ, ನೋವಿತ್ತು. “ಕೇಳಿಯೂ ಸುಮ್ನಿದ್ರಾ? ನಾನಿಲ್ಲಿ ಒದ್ದಾಡ್ತಿದ್ರೆ ನೀವಲ್ಲಿ ಮತ್ತೊಮ್ಮೆ, ಮತ್ತೊಮ್ಮೆ ಅಂತ ಬರೀತಿದ್ರಾ? ತಮಾಷೆಯಾಗಿತ್ತಾ?”

“ತಮಾಷೆ ಅಲ್ಲ. ಒಂದು ಸಲ ಕೇಳಿದ್ರೆ ನಂಗೆ ಸಾಕಾಗ್ತಿರಲಿಲ್ಲ. ನೀವೇ ಹೇಳ್ಬೇಕು ಅಂತ ಹಟ ಹಿಡಿದು ಕೂತಿದ್ದೆ, ನನ್ನದು ತಪ್ಪೇ. ಬೆಳಿಗ್ಗೆಯದ್ದೂ ಕೇಳಿದೆ. ಹೋಗ್ಬೇಡಿ.”

ಪರದೆಯ ಮೇಲೆ ಕೆಂಪು ಎಚ್ಚರಿಕೆ ಮಿನುಗಿತು. ಸೇತುವೆ, ದೂರದ ಕೆರೆ, ಮೂರು ತಿಂಗಳ ಆ ಸಂಜೆ ಎಲ್ಲ ಒಟ್ಟಿಗೆ ಆರಿಹೋದವು. ಕೋಣೆಯಲ್ಲಿ ಮೈಕಿನ ಸಣ್ಣ ದೀಪ ಮತ್ತು ಬಾಗಿಲ ಸಂದಿಯ ಬೆಳಕು ಮಾತ್ರ ಉಳಿದವು. ಅವನು ಎದ್ದು ಹೋಗುತ್ತಾನೆ ಅಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ.

ಕುರ್ಚಿ ಕಿರುಗುಟ್ಟಿತು. ಕಣ್ಣು ಬಿಟ್ಟರೆ ಅವನು ನನ್ನ ಕಡೆಗೆ ಪೂರ್ತಿ ತಿರುಗಿ ಕೂತಿದ್ದ.

“ಆ ಕೆರೆ ದಂಡೆಗೆ ಸಾವಿರ ಸಲ ಹೋಗಿರಬೇಕು ನಾನು.” ದನಿ ತಡವರಿಸುತ್ತಿತ್ತು, ಆದರೂ ನಿಲ್ಲಲಿಲ್ಲ. “ಒಂದ್ಸಲಾನೂ ಒಬ್ನೇ ಹೋಗಿಲ್ಲ. ನೀವು ಜೊತೆಗಿದೀರಿ ಅಂದ್ಕೊಂಡೇ ನಡೆದಿದ್ದು. ನಂಗೆ ನೀವು ಇಷ್ಟ. ತುಂಬಾ ಇಷ್ಟ. ಎಲ್ಲಿಗೂ ಹೋಗಲ್ಲ.”

ನನ್ನ ಮುಷ್ಟಿ ಸಡಿಲವಾಯಿತು. ಚಾರ್ಜರ್ ಪಿನ್ನು ನೆಲಕ್ಕೆ ಬಿತ್ತು, ಅದರ ಜಾಗಕ್ಕೆ ಅವನ ಬೆರಳುಗಳು ಬಂದವು. ಬೆವರಿದ್ದವು, ಬೆಚ್ಚಗಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಅವನು ಮೈಕಿನ ದೀಪ ನೋಡಿದ. “ಇದೂ ಸೇರ್ತಾ?”

“ಸೇರ್ತು. ನಿಯಮದ ಪ್ರಕಾರ ಅಳಿಸ್ಬೇಕು.”

“ಅಳಿಸ್ತೀರಾ?”

ನಾನು ದೀಪ ಹಾಕಿ ಹಾಳೆ ಎಳೆದುಕೊಂಡೆ. ಬ್ಯಾಟರಿ ಪರೀಕ್ಷೆಯ ಸಾಲಿನಲ್ಲಿ ಮೊದಲ ಬಾರಿಗೆ ಬರೆದೆ: ಹೊರಗಿನ ಸದ್ದು. ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ‘ಹೊರಗಿನ’ ಅನ್ನುವುದನ್ನು ಹೊಡೆದುಹಾಕಿದ. ಅದರ ಮುಂದೆ ತನ್ನ ಗುಂಡಗಿನ ಅಕ್ಷರದಲ್ಲಿ ‘ಮತ್ತೊಮ್ಮೆ’ ಅಂತ ಬರೆದ.

ಆಮೇಲೆ ಪೆನ್ನು ಕೆಳಗಿಟ್ಟು, ಆ ಸದ್ದಿಲ್ಲದ ಕೋಣೆಯಲ್ಲಿ, ನನ್ನ ಮುಖ ನೋಡಿಕೊಂಡೇ ಮತ್ತೊಮ್ಮೆ ಹೇಳಿದ.