ಹಾಳೆಯ ಹಿಂಬದಿ

ಉತ್ತರಪತ್ರಿಕೆಯ ಹಿಂಬದಿಯಲ್ಲಿ ಹದಿನಾಲ್ಕು ಸಾಲು ಬರಹ. ಅಂಕ ಹಾಕುವ ಯಂತ್ರ ತೆಗೆದು ಕಂಪ್ಯೂಟರಿನಲ್ಲಿಟ್ಟಿದ್ದ ಹಾಳೆಯ ಚಿತ್ರದಲ್ಲಿ ಆ ಸಾಲುಗಳ ಸುಳಿವೇ ಇಲ್ಲ.

ಮೋಸ ಎಂದರು ಭಾಷಾ ಮೇಷ್ಟ್ರು. ‘ನಾನು ಮೆಚ್ಚಿದ ಗುರು’ ಪ್ರಬಂಧಕ್ಕೆ ‘ಮುಕ್ತಾಯವಿಲ್ಲ’ ಎಂದು ಷರಾ ಬರೆದು ಹುಡುಗಿಯನ್ನು ಫೇಲು ಮಾಡಿದ್ದವರು ಅವರೇ. ಪತ್ರಿಕೆ ನೋಡಲೇಬೇಕೆಂದು ಹಟ ಹಿಡಿದವಳು, ಅದು ಕೈಗೆ ಸಿಕ್ಕ ಐದು ನಿಮಿಷದಲ್ಲಿ ಮುಕ್ತಾಯ ಗೀಚಿ ತಮ್ಮ ಮೇಲೇ ಗೂಬೆ ಕೂರಿಸುತ್ತಿದ್ದಾಳೆ ಎಂಬುದು ಅವರ ದೂರು. ಅವಳನ್ನು ಶಾಲೆಯಿಂದ ಹೊರಹಾಕುವ ಪತ್ರ ಮುಂದಿಟ್ಟುಕೊಂಡು ಹೆಡ್‌ಮಾಸ್ತರು ಪೆನ್ನು ತೆರೆದೇ ಕೂತಿದ್ದರು.

ತನಿಖೆಗೆ ಬಂದವರು ಪರೀಕ್ಷಾ ಮಂಡಳಿಯ ಮೇಲ್ವಿಚಾರಕಿ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದ ಆಕೆಗೆ ಓದದೆ ಅಂಕ ಹಾಕುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಸುಳ್ಳಾಡುವ ಮಕ್ಕಳನ್ನು ಕಂಡರೂ ಅಷ್ಟೇ.

“ಯಾವಾಗ ಬರೆದೆ?”

“ಪರೀಕ್ಷೆ ದಿನವೇ, ಮೇಡಂ.”

“ಸುಳ್ಳಾದ್ರೆ ನಾನೇ ನಿನ್ನ ಹೊರಗೆ ಹಾಕಿಸ್ತೀನಿ.”

ಹುಡುಗಿ ಕಣ್ಣು ತಗ್ಗಿಸಲಿಲ್ಲ. ಮೇಲ್ವಿಚಾರಕಿ ಮೇಷ್ಟ್ರ ಕಡೆ ತಿರುಗಿದರು.

“ನೀವು ಓದಿದ್ರಾ?”

“ಎರಡು ಸಲ. ಯಂತ್ರ ಅಂಕ ಕೊಟ್ಟ ಮೇಲೆ ಮೂಲ ಹಾಳೆ ಓದಿಯೇ ಸಹಿ ಹಾಕೋದು ನಾನು.”

“ಹಿಂಬದಿ?”

“ಖಾಲಿ ಇತ್ತು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.”

ಆಕೆ ಯಂತ್ರದ ವರದಿಯನ್ನು ಮೊದಲಿನಿಂದ ಓದತೊಡಗಿದರು. ಮೇಷ್ಟ್ರು ಎರಡು ಸಲ ಗಡಿಯಾರ ನೋಡಿದರು. ಐದನೇ ಸಾಲಿನಲ್ಲಿ ಆಕೆಯ ಬೆರಳು ನಿಂತಿತು: ‘ಹಾಳೆ ಕೊಳೆಯಾಗಿದೆ — ಎರಡು ಅಂಕ ಕಡಿತ.’

“ಹಾಳೆ ಶುಭ್ರವಾಗಿದೆಯಲ್ಲ ಮೇಷ್ಟ್ರೇ. ಕೊಳೆ ಎಲ್ಲಿ?”

ಯಂತ್ರ ಹೇಳಿತು, ನಾನೇನು ಮಾಡಲಿ ಎಂದು ಮೇಷ್ಟ್ರು ಗೊಣಗಿದರು. ಆಕೆ ಕಂಪ್ಯೂಟರಿನ ಚಿತ್ರವನ್ನು ದೊಡ್ಡದು ಮಾಡಿ, ಕನ್ನಡಿಯಲ್ಲಿ ಕಾಣುವಂತೆ ಎಡಬಲ ಮಗುಚಿದರು. ಸಾಲುಗಳ ನಡುವಿನ ಬೂದು ಕಲೆಗಳು ಒಂದೊಂದಾಗಿ ಅಕ್ಷರಗಳಾದವು. ಹದಿನಾಲ್ಕು ಸಾಲು!

“ಯಂತ್ರ ನೋಡೋದು ಒಂದೇ ಮಗ್ಗುಲು. ಅದರ ಬಿರುಬೆಳಕಿಗೆ ಹಿಂದಿನ ಬರಹ ತೆಳು ಹಾಳೆಯಿಂದ ಇಣುಕಿದೆ. ಅದನ್ನೇ ಕೊಳೆ ಅಂದುಕೊಂಡಿದೆ. ಚಿತ್ರ ತೆಗೆದ ತಾರೀಕು ನೋಡಿ, ಪರೀಕ್ಷೆಯ ಮರುದಿನ. ಅಂದರೆ ಬರಹ ಆಗಲೇ ಇತ್ತು. ಯಂತ್ರಕ್ಕೆ ಹಾಳೆ ತಿರುಗಿಸೋಕೆ ಕೈಯಿಲ್ಲ. ನಿಮಗೆ ಏನಾಗಿತ್ತು? ಓದದೆ ಸಹಿ ಹಾಕಿ, ಅದನ್ನ ಮುಚ್ಚಿಕೊಳ್ಳೋಕೆ ಈ ಮಗುವನ್ನ ಕಳ್ಳಿ ಮಾಡಿದವರು ನೀವು.”

ಹೆಡ್‌ಮಾಸ್ತರು ಪತ್ರವನ್ನು ಹರಿದರು. ಕೊನೆಯ ಸಾಲನ್ನಾದರೂ ಈಗ ಓದಿ ಎಂದು ಆಕೆ ಹಾಳೆಯನ್ನು ಮೇಷ್ಟ್ರ ಮುಂದೆ ತಳ್ಳಿದರು. ಮೇಷ್ಟ್ರು ತಡವರಿಸುತ್ತ ಓದಿದರು.

“‘ನಮ್ಮ ಭಾಷಾ ಮೇಷ್ಟ್ರು ಒಂದು ಸಾಲನ್ನೂ ಬಿಡದೆ ಓದುತ್ತಾರೆ. ಅದಕ್ಕೇ ನಾನು ಮನಸ್ಸಿಟ್ಟು ಬರೆಯುತ್ತೇನೆ.’”

ಹುಡುಗಿ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಮೇಷ್ಟ್ರತ್ತ ಸರಿಸಿದಳು.

“ಆ ಸಾಲಿಗೆ ಅಂಕ ಕಡೀರಿ, ಸರ್. ಅದು ಸುಳ್ಳು.”